ರಾಜೀನಾಮೆ ಬರೆದುಕೊಡುವ ಮುನ್ನ: ಇಎಸ್‌ಐ ನಿರುದ್ಯೋಗ ಪರಿಹಾರ ಮತ್ತು ಯುವನಿಧಿಯ ನಿಯಮಗಳು

‘ಒಂದ್ ರಾಜೀನಾಮಿ ಬರದ ಕೊಡ್ರಿ, ನಿಮ್ಮ ಲೆಕ್ಕಾ ಚುಕ್ತಾ ಮಾಡ್ತೇವಿ.’ ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳದ ಶೆಡ್‌ಗಳಿರಲಿ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶವಿರಲಿ, ಆರ್ಡರ್ ಕಡಿಮೆಯಾಗಿ ಆಳು ಇಳಿಸುವಾಗ ಕಾರ್ಮಿಕರ ಕಿವಿಗೆ ಬೀಳುವ ಮಾತು ಹೆಚ್ಚಾಗಿ ಇದೇ. ಬಾಕಿ ಪಗಾರ ಕೈಗೆ ಬರಲಿ ಎಂದು ಹೆಚ್ಚಿನವರು ಬರೆದುಕೊಟ್ಟೂ ಬಿಡುತ್ತಾರೆ. ಆದರೆ ಕೆಲಸದಿಂದ ತೆಗೆಸಿಕೊಂಡವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕೊಡುವ ಮೂರು ತಿಂಗಳ ಪರಿಹಾರ, ತಾನಾಗಿ ಕೆಲಸ ಬಿಟ್ಟವರಿಗೆ ಇಲ್ಲ. ನಿಮ್ಮನ್ನು ತೆಗೆದದ್ದು ಮಾಲೀಕರೇ ಆಗಿದ್ದರೂ ಕಾಗದ ‘ನಾನೇ ಬಿಟ್ಟೆ’ ಎಂದರೆ, ಕಚೇರಿಯ ಕಿಟಕಿಯಲ್ಲಿ ನಡೆಯುವುದು ಕಾಗದದ ಮಾತೇ.

ಕೆಲಸವಿಲ್ಲದ ಎಲ್ಲರಿಗೂ ಸರ್ಕಾರ ಕೊಡುವ ಒಂದೇ ಭತ್ಯೆ ಎಂಬುದು ನಮ್ಮ ದೇಶದಲ್ಲಿಲ್ಲ. ಇರುವುದು ಬೇರೆ ಬೇರೆ ಬಾಗಿಲುಗಳು. ಇಎಸ್‌ಐ ವಂತಿಗೆ ಕಟ್ಟಿ ದುಡಿದು, ಆಮೇಲೆ ಕೆಲಸ ಕಳೆದುಕೊಂಡವರಿಗೆ ನೌಕರರ ರಾಜ್ಯ ವಿಮಾ ನಿಗಮ, ಅಂದರೆ ಇಎಸ್‌ಐಸಿ. ಡಿಗ್ರಿ, ಡಿಪ್ಲೊಮಾ ಮುಗಿಸಿ ಇನ್ನೂ ಕೆಲಸ ಸಿಗದವರಿಗೆ ಕರ್ನಾಟಕ ಸರ್ಕಾರದ ಯುವನಿಧಿ. ಎರಡರ ನಿಯಮಗಳೂ ಬೇರೆ, ಕೊಡುವವರೂ ಬೇರೆ. ಆದರೂ ಅರ್ಜಿ ಬಿದ್ದುಹೋಗುವ ಕಾರಣಗಳು ಎರಡರಲ್ಲೂ ಒಂದೇ ಬಗೆಯವು: ದಾಖಲೆಯಲ್ಲಿರುವ ತಾರೀಖು, ದಾಖಲೆಯಲ್ಲಿರುವ ಕಾರಣ, ದಾಖಲೆಯಲ್ಲಿರುವ ಹೆಸರು. ಅರ್ಹತೆ ಇದ್ದೂ ದುಡ್ಡು ಸಿಗದೆ ತಿರುಗಾಡುವವರನ್ನು ಕೇಳಿದರೆ ತೊಡಕು ಈ ಮೂರರಲ್ಲೊಂದರಲ್ಲಿ ಸಿಕ್ಕಿಬೀಳುತ್ತದೆ.

ಮೊದಲು ಇಎಸ್‌ಐ

ಈ ಪರಿಹಾರದ ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. 2018ರ ಜುಲೈ 1ರಿಂದ ಪ್ರಾಯೋಗಿಕವಾಗಿ ಶುರುವಾಯಿತು. ಆಗ ಸಿಗುತ್ತಿದ್ದುದು ಸರಾಸರಿ ದಿನಗೂಲಿಯ ಕಾಲು ಭಾಗ. 2020ರಲ್ಲಿ ಕೊರೊನಾ ಬಂದು ಕಾರ್ಖಾನೆಗಳು ಮುಚ್ಚಿದಾಗ ಅದನ್ನು ಅರ್ಧಕ್ಕೆ ಏರಿಸಿ, ಷರತ್ತುಗಳನ್ನೂ ಸಡಿಲಿಸಿದರು. ಇದು ಕಾಯಂ ಸವಲತ್ತಲ್ಲ, ಅವಧಿ ಮುಗಿದಂತೆ ವಿಸ್ತರಿಸುತ್ತ ಬಂದ ಯೋಜನೆ. ಹಾಗಾಗಿ ಅರ್ಜಿಗೆ ಕೂಡುವ ಮೊದಲು ‘ಈಗ ಯಾವ ದರ, ಎಲ್ಲಿಯವರೆಗೆ ವಿಸ್ತರಣೆ ಇದೆ’ ಎಂದು ಶಾಖಾ ಕಚೇರಿಯಲ್ಲೋ ಇಎಸ್‌ಐಸಿಯ ಉಚಿತ ಸಹಾಯವಾಣಿ 1800-11-2526ರಲ್ಲೋ ಕೇಳಿಕೊಳ್ಳುವುದು ಒಳ್ಳೆಯದು. ಮುಂದಿನ ಲೆಕ್ಕವೆಲ್ಲ ಅರ್ಧ ದರದ್ದು.

ಇಎಸ್‌ಐ ಯಾರಿಗೆ ಅನ್ವಯಿಸುತ್ತದೆ ಎಂಬುದರಲ್ಲೇ ಬಹಳ ಜನ ಎಡವುತ್ತಾರೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆ, ಅಂಗಡಿ, ಹೋಟೆಲ್, ಖಾಸಗಿ ಆಸ್ಪತ್ರೆ, ಸಾರಿಗೆ ಸಂಸ್ಥೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಅಂಗವಿಕಲರಿಗೆ ಈ ಮಿತಿ 25,000. ಪಗಾರದಲ್ಲಿ ನಿಮ್ಮ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. ಅಂದರೆ 15,000 ಪಗಾರಕ್ಕೆ ನಿಮ್ಮಿಂದ 112 ರೂಪಾಯಿ 50 ಪೈಸೆ, ಮಾಲೀಕರಿಂದ 487 ರೂಪಾಯಿ 50 ಪೈಸೆ. ಗುತ್ತಿಗೆದಾರರ ಕೈಕೆಳಗೆ ದುಡಿಯುವವರಿಗೂ ಇದು ಅನ್ವಯಿಸುತ್ತದೆ. ‘ನೀ ಕಂಪನಿ ಆಳಲ್ಲ, ಕಾಂಟ್ರ್ಯಾಕ್ಟರ್ ಆಳು’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ನಮ್ಮ ಭಾಗಕ್ಕೆ ಸಂಬಂಧಿಸಿದ ಒಂದು ವಿನಾಯಿತಿ ಗೊತ್ತಿರಬೇಕು. 1948ರ ಇಎಸ್‌ಐ ಕಾಯ್ದೆ ಹಂಗಾಮಿ ಕಾರ್ಖಾನೆಗಳನ್ನು ಹೊರಗಿಟ್ಟಿತ್ತು. ಹತ್ತಿ ಜಿನ್ನಿಂಗ್, ಹತ್ತಿ ಪ್ರೆಸ್ಸಿಂಗ್, ಶೇಂಗಾ ಸುಲಿಯುವುದು, ಸಕ್ಕರೆ ಮತ್ತು ಬೆಲ್ಲ ತಯಾರಿಕೆ ಇವನ್ನಷ್ಟೇ ಮಾಡುವ ಕಾರ್ಖಾನೆಗಳು ಆ ಪಟ್ಟಿಯಲ್ಲಿವೆ. ಗದಗ, ಹಾವೇರಿ ಜಿಲ್ಲೆಗಳಲ್ಲಿ ಹಂಗಾಮಿನ ನಾಲ್ಕಾರು ತಿಂಗಳು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ದುಡಿದು ಉಳಿದ ದಿನ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ಈ ಪರಿಹಾರ ಸಿಗದಿರುವುದಕ್ಕೆ ಮೂಲ ಕಾರಣ ಅಲ್ಲಿದೆ. ಅವರ ಅರ್ಜಿಯಲ್ಲಿ ಏನೂ ತಪ್ಪಿರುವುದಿಲ್ಲ, ಅವರ ಹೆಸರಿನಲ್ಲಿ ವಂತಿಗೆಯೇ ಇರುವುದಿಲ್ಲ. ಬೆಟಗೇರಿಯಲ್ಲಿ ಸ್ವಂತ ಮಗ್ಗದ ಮೇಲೆ ನೇಯುವವರದ್ದೂ ಇದೇ ಪಾಡು. ಅತಿ ಹೆಚ್ಚು ದಿನ ಕೆಲಸವಿಲ್ಲದೆ ಕೂರುವವರೇ ಹೊರಗುಳಿಯುವಂತೆ ಮಾಡಿದ ಈ ವ್ಯವಸ್ಥೆ ನ್ಯಾಯವಲ್ಲ. ಆದರೆ ಅದು ಬದಲಾಗುವವರೆಗೆ ಅವರನ್ನು ಸುಳ್ಳು ಭರವಸೆಯ ಮೇಲೆ ಕಚೇರಿಗೆ ಅಲೆಸುವುದೂ ತಪ್ಪು.

ಅರ್ಹತೆಯ ಲೆಕ್ಕ: ಎರಡು ವರ್ಷ, 78 ದಿನ

ಕೆಲಸ ಹೋಗುವ ಮೊದಲು ಕನಿಷ್ಠ ಎರಡು ವರ್ಷ ವಿಮೆಯ ವ್ಯಾಪ್ತಿಯ ಕೆಲಸದಲ್ಲಿರಬೇಕು. ಅದರ ಜೊತೆಗೆ ವಂತಿಗೆ ಕಟ್ಟಿದ ದಿನಗಳ ಲೆಕ್ಕ ಕೂಡಿಬರಬೇಕು. ಇಎಸ್‌ಐಸಿ ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ಒಡೆಯುತ್ತದೆ: ಏಪ್ರಿಲ್ 1ರಿಂದ ಸೆಪ್ಟೆಂಬರ್ 30 ಒಂದು, ಅಕ್ಟೋಬರ್ 1ರಿಂದ ಮಾರ್ಚ್ 31 ಇನ್ನೊಂದು. ಎರಡು ವರ್ಷಕ್ಕೆ ಇಂಥ ನಾಲ್ಕು ಅವಧಿಗಳು. ಕೆಲಸ ಹೋಗುವುದಕ್ಕೆ ಸರಿಯಾಗಿ ಹಿಂದಿನ ಅವಧಿಯಲ್ಲಿ ಕನಿಷ್ಠ 78 ದಿನ, ಉಳಿದ ಮೂರು ಅವಧಿಗಳ ಪೈಕಿ ಯಾವುದಾದರೂ ಒಂದರಲ್ಲಿ ಕನಿಷ್ಠ 78 ದಿನ ವಂತಿಗೆ ಬಿದ್ದಿರಬೇಕು.

ಉದಾಹರಣೆಗೆ 2025ರ ನವೆಂಬರ್ 10ಕ್ಕೆ ಕೆಲಸ ಹೋಯಿತು ಎಂದುಕೊಳ್ಳಿ. ಹಿಂದಿನ ಅವಧಿ 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್. ಅದರಲ್ಲಿ 78 ದಿನ ಇರಲೇಬೇಕು. ಉಳಿದ ಮೂರು ಎಂದರೆ 2024ರ ಅಕ್ಟೋಬರ್–2025ರ ಮಾರ್ಚ್, 2024ರ ಏಪ್ರಿಲ್–ಸೆಪ್ಟೆಂಬರ್, 2023ರ ಅಕ್ಟೋಬರ್–2024ರ ಮಾರ್ಚ್. ಇವುಗಳಲ್ಲಿ ಒಂದರಲ್ಲಿ 78 ದಿನ ಇದ್ದರೆ ಸಾಕು. ತಿಂಗಳಿಗೆ 26 ದಿನದ ಹಾಜರಿ ಇರುವವರಿಗೆ ಮೂರು ತಿಂಗಳಿಗೆ 78 ತುಂಬುತ್ತದೆ. ಹೆಚ್ಚಿನ ಕಾಯಂ ಕೆಲಸಗಾರರಿಗೆ ಈ ಷರತ್ತು ಕಷ್ಟವೇನಲ್ಲ. ಕಷ್ಟವಾಗುವುದು ಹಾಜರಿ ಇದ್ದೂ ಮಾಲೀಕರು ಕಡಿಮೆ ದಿನ ತೋರಿಸಿದಾಗ.

ಎರಡು ವರ್ಷದ ಲೆಕ್ಕ ತಪ್ಪುವ ಇನ್ನೊಂದು ಜಾಗ ಇದೆ. ಇಎಸ್‌ಐನ ಹತ್ತು ಅಂಕಿಯ ವಿಮಾ ಸಂಖ್ಯೆ, ಎಲ್ಲರೂ ಐಪಿ ನಂಬರ್ ಎನ್ನುವುದು, ಜೀವಮಾನಕ್ಕೆ ಒಂದೇ. ಕಂಪನಿ ಬದಲಾದರೂ ಅದೇ ನಂಬರ್ ಮುಂದುವರಿಯಬೇಕು. ಹೊಸ ಗುತ್ತಿಗೆದಾರರು ಹಳೆ ನಂಬರ್ ಕೇಳದೆ ಹೊಸದನ್ನೇ ತೆಗೆದುಬಿಟ್ಟರೆ ನಿಮ್ಮ ಸೇವೆ ಎರಡು ಹೋಳಾಗುತ್ತದೆ: ಒಂದರಲ್ಲಿ ಹದಿನಾಲ್ಕು ತಿಂಗಳು, ಇನ್ನೊಂದರಲ್ಲಿ ಹನ್ನೊಂದು. ಕೂಡಿಸಿದರೆ ಎರಡು ವರ್ಷ ದಾಟುತ್ತದೆ, ಕಂಪ್ಯೂಟರ್ ಮಾತ್ರ ಎರಡನ್ನೂ ಬೇರೆ ಬೇರೆ ಮನುಷ್ಯರೆಂದು ಓದುತ್ತದೆ. ನಿಮ್ಮ ಹೆಸರಲ್ಲಿ ಎರಡು ನಂಬರ್ ಇದ್ದರೆ ಕೆಲಸದಲ್ಲಿರುವಾಗಲೇ ಶಾಖಾ ಕಚೇರಿಗೆ ಅರ್ಜಿ ಕೊಟ್ಟು ಒಂದು ಮಾಡಿಸಿಕೊಳ್ಳಿ. ಕೆಲಸ ಹೋದ ಮೇಲೆ ಹಳೆ ಗುತ್ತಿಗೆದಾರರನ್ನು ಹುಡುಕಿಕೊಂಡು ಹೋಗುವ ಕಷ್ಟ ತಪ್ಪುತ್ತದೆ.

ಯಾರಿಗೆ ಸಿಗುವುದಿಲ್ಲ

ಶಿಸ್ತುಕ್ರಮದಲ್ಲಿ ವಜಾ ಆದವರಿಗೆ, ನಿವೃತ್ತಿ ವಯಸ್ಸು ತಲುಪಿದವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ, ತಾನಾಗಿ ಕೆಲಸ ಬಿಟ್ಟವರಿಗೆ, ಕಾನೂನುಬಾಹಿರ ಎಂದು ಘೋಷಣೆಯಾದ ಮುಷ್ಕರದಲ್ಲಿದ್ದವರಿಗೆ, ಲಾಕೌಟ್ (ಮಾಲೀಕರೇ ಕಾರ್ಖಾನೆಗೆ ಬೀಗ ಹಾಕುವುದು) ನಡೆಯುತ್ತಿರುವ ದಿನಗಳಿಗೆ ಪರಿಹಾರವಿಲ್ಲ. ಎರಡು ಕಡೆ ಕೆಲಸ ಮಾಡುತ್ತಿದ್ದವರು ಎರಡೂ ಕಡೆ ಕೆಲಸ ಕಳೆದುಕೊಂಡಿರಬೇಕು. ಇಎಸ್‌ಐನಿಂದಲೇ ಅನಾರೋಗ್ಯ ಭತ್ಯೆಯನ್ನೋ ಹೆರಿಗೆ ಭತ್ಯೆಯನ್ನೋ ಪಡೆಯುತ್ತಿರುವ ದಿನಗಳಿಗೆ ಇದನ್ನು ಜೊತೆಗೆ ಕೇಳುವಂತಿಲ್ಲ. ಮತ್ತು ಇದು ಜೀವಮಾನದಲ್ಲಿ ಒಮ್ಮೆ, ಹೆಚ್ಚೆಂದರೆ 90 ದಿನ.

ಇಲ್ಲಿಯೇ ರಾಜೀನಾಮೆಯ ಪ್ರಶ್ನೆ ಬರುವುದು. ನಿಮ್ಮನ್ನು ತೆಗೆಯುತ್ತಿದ್ದಾರೆ ಎಂದಾದರೆ ತೆಗೆದದ್ದಕ್ಕೆ ಪತ್ರ ಕೇಳಿ. ‘ಕೆಲಸ ಇಲ್ಲದ ಕಾರಣ ಇಂಥ ತಾರೀಖಿನಿಂದ ನಿಮ್ಮ ಸೇವೆ ಮುಗಿದಿದೆ’ ಎಂಬ ಎರಡು ಸಾಲು, ಸಹಿ, ಶಿಕ್ಕಾ ಇದ್ದರೆ ಸಾಕು. ಪತ್ರ ಕೊಡಲು ಒಪ್ಪದಿದ್ದರೆ, ನೀವೇ ಆ ದಿನ ಮ್ಯಾನೇಜರ್‌ಗೆ ‘ಇವತ್ತಿನಿಂದ ಕೆಲಸಕ್ಕೆ ಬರಬೇಡಿ ಎಂದು ಹೇಳಿದ್ದೀರಿ, ನಾನು ಕೆಲಸಕ್ಕೆ ತಯಾರಿದ್ದೇನೆ’ ಎಂದು ಬರೆದು ರಿಜಿಸ್ಟರ್ಡ್ ಅಂಚೆಯಲ್ಲೋ ಇಮೇಲ್‌ನಲ್ಲೋ ಕಳಿಸಿ, ಅದರ ರಶೀದಿ ಇಟ್ಟುಕೊಳ್ಳಿ. ಬಾಕಿ ಪಗಾರ ನೀವು ದುಡಿದ ದುಡ್ಡು, ಅದನ್ನು ಪಡೆಯಲು ರಾಜೀನಾಮೆ ಬರೆಯಬೇಕೆಂಬ ನಿಯಮ ಎಲ್ಲೂ ಇಲ್ಲ. ಅಚ್ಚು ಮಾಡಿದ ‘ಫುಲ್ ಅಂಡ್ ಫೈನಲ್’ ಹಾಳೆಗೆ ಸಹಿ ಹಾಕುವಾಗ ಅದರ ನಡುವೆ ‘ಸ್ವ ಇಚ್ಛೆಯಿಂದ’ ಎಂಬ ಮಾತು ಇದೆಯೇ ನೋಡಿ. ಇದ್ದರೆ ಅದನ್ನು ಹೊಡೆದುಹಾಕಿಸಿ, ಪಕ್ಕದಲ್ಲಿ ಇಬ್ಬರ ಸಹಿಯೂ ಬೀಳಲಿ. ಹಾಳೆಯ ಫೋಟೊ ಮೊಬೈಲ್‌ನಲ್ಲಿರಲಿ.

ಕಾಗದದಷ್ಟೇ ಮುಖ್ಯವಾದ, ಆದರೆ ಕಾರ್ಮಿಕರ ಕಣ್ಣಿಗೆ ಬೀಳದ ಇನ್ನೊಂದು ದಾಖಲೆ ಇಎಸ್‌ಐ ಪೋರ್ಟಲ್‌ನಲ್ಲಿದೆ. ಮಾಲೀಕರು ಪ್ರತಿ ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಿ, ಯಾರು ಎಷ್ಟು ದಿನ ದುಡಿದರು ಎಂದು ತುಂಬಬೇಕು. ಒಬ್ಬರ ಹೆಸರಿನ ಮುಂದೆ ಸೊನ್ನೆ ದಿನ ಹಾಕಿದರೆ ಪೋರ್ಟಲ್ ಕಾರಣ ಕೇಳುತ್ತದೆ. ಕಾರಣಗಳ ಪಟ್ಟಿಯಲ್ಲಿ ರಜೆ, ಕೆಲಸ ಬಿಟ್ಟರು, ನಿವೃತ್ತಿ, ವ್ಯಾಪ್ತಿಯಿಂದ ಹೊರಗೆ, ಮುಷ್ಕರ ಅಥವಾ ಲಾಕೌಟ್, ರಿಟ್ರೆಂಚ್‌ಮೆಂಟ್ (ಮಾಲೀಕರು ಆಳು ಇಳಿಸುವುದು), ಕೆಲಸ ಇಲ್ಲ ಎಂಬಂಥ ಆಯ್ಕೆಗಳಿವೆ. ಲೆಕ್ಕ ಬರೆಯುವವರು ಅವಸರದಲ್ಲಿ ‘ಕೆಲಸ ಬಿಟ್ಟರು’ ಒತ್ತಿಬಿಡುತ್ತಾರೆ. ಇಲ್ಲವೇ ‘ರಜೆ’ ಎಂದು ಬಿಟ್ಟು, ಕೊನೆಯ ದಿನದ ತಾರೀಖನ್ನೇ ತುಂಬುವುದಿಲ್ಲ. ಮೊದಲನೆಯದರಲ್ಲಿ ನೀವಾಗಿಯೇ ಬಿಟ್ಟಂತೆ ಕಾಣುತ್ತೀರಿ, ಎರಡನೆಯದರಲ್ಲಿ ಇನ್ನೂ ಕೆಲಸದಲ್ಲಿದ್ದಂತೆ. ಅಕೌಂಟ್ಸ್‌ನವರ ಹತ್ತಿರ ಹೋಗಿ, ‘ಕೊನೆ ದಿನಾ ಯಾವ್ದು ಹಾಕೀರಿ, ಕಾರಣಾ ಏನ್ ಕೊಟ್ಟೀರಿ, ಸ್ವಲ್ಪ ತೋರಸ್ರಿ’ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಮಾಲೀಕರ ಕೈಯಿಂದ ಇದಕ್ಕೆ ಒಂದು ಪೈಸೆಯೂ ಹೋಗುವುದಿಲ್ಲ. ಪರಿಹಾರ ಕೊಡುವುದು ಇಎಸ್‌ಐಸಿ. ಇದು ಗೊತ್ತಾದರೆ ಎಷ್ಟೋ ಮಾಲೀಕರು ಸರಿಯಾದ ಕಾರಣ ಹಾಕಲು ಒಪ್ಪುತ್ತಾರೆ.

ದುಡ್ಡು ಎಷ್ಟು

ಹಿಂದಿನ ನಾಲ್ಕು ವಂತಿಗೆ ಅವಧಿಗಳ ಒಟ್ಟು ಪಗಾರವನ್ನು 730ರಿಂದ ಭಾಗಿಸಿದರೆ ಸರಾಸರಿ ದಿನದ ಗಳಿಕೆ ಬರುತ್ತದೆ. ಅದರ ಅರ್ಧ ನಿಮ್ಮ ದಿನದ ಪರಿಹಾರ. ತಿಂಗಳಿಗೆ 15,000ದಂತೆ 24 ತಿಂಗಳು ತುಂಬ ದುಡಿದವರ ಒಟ್ಟು ಗಳಿಕೆ 3,60,000. 730ರಿಂದ ಭಾಗಿಸಿದರೆ 493 ರೂಪಾಯಿ, ಅದರ ಅರ್ಧ ಸುಮಾರು 246 ರೂಪಾಯಿ 58 ಪೈಸೆ. 90 ದಿನಕ್ಕೆ ಹತ್ತಿರಹತ್ತಿರ 22,190 ರೂಪಾಯಿ.

ಭಾಗಿಸುವುದು ನೀವು ದುಡಿದ ದಿನಗಳಿಂದಲ್ಲ, 730ರಿಂದ ಎಂಬುದನ್ನು ಗಮನಿಸಿ. ಆ ಎರಡು ವರ್ಷದಲ್ಲಿ ಆರು ತಿಂಗಳ ಪಗಾರ ದಾಖಲೆಯಲ್ಲಿ ಇಲ್ಲದಿದ್ದರೆ ಒಟ್ಟು 2,70,000ಕ್ಕೆ ಇಳಿದು, 90 ದಿನದ ಪರಿಹಾರ 16,640ರ ಆಸುಪಾಸಿಗೆ ಬರುತ್ತದೆ. ಪಗಾರದ ಅರ್ಧವನ್ನು ಕೈಯಲ್ಲಿ ನಗದು ಕೊಟ್ಟು ಪುಸ್ತಕದಲ್ಲಿ ಅರ್ಧವಷ್ಟೇ ತೋರಿಸುವ ಕಡೆಯೂ ಹೀಗೇ ಆಗುತ್ತದೆ. ಪುಸ್ತಕದಲ್ಲಿರುವ ಅರ್ಧದ ಅರ್ಧ ಮಾತ್ರ ಸಿಗುತ್ತದೆ. 1948ರ ಕಾಯ್ದೆಯಡಿ ಓವರ್‌ಟೈಮ್ ದುಡ್ಡಿನ ಮೇಲೂ ವಂತಿಗೆ ಕಡಿತ ಆಗಬೇಕಿತ್ತು, ಆದ್ದರಿಂದ ಅದೂ ಒಟ್ಟು ಗಳಿಕೆಗೆ ಸೇರುತ್ತಿತ್ತು. 21,000ದ ಮಿತಿ ನೋಡುವಾಗ ಮಾತ್ರ ಓವರ್‌ಟೈಮ್ ಬಿಟ್ಟು ಲೆಕ್ಕ ಹಾಕುತ್ತಿದ್ದರು.

ಅರ್ಜಿ ಹಾಕುವುದು

ಕೆಲಸ ಹೋಗಿ 30 ದಿನ ಆದ ಮೇಲೆ ಕ್ಲೇಮ್ ಹಾಕಬಹುದು, ಮೊದಲು ಈ ಕಾಯುವ ಅವಧಿ 90 ದಿನ ಇತ್ತು. ಕಳೆದುಹೋದ ದಿನಗಳಿಗೆ ಮಾತ್ರ ಕೇಳಬೇಕು, ಮುಂಬರುವ ದಿನಗಳಿಗೆ ಮುಂಗಡವಾಗಿ ಕೇಳಿದರೆ ಒಪ್ಪುವುದಿಲ್ಲ. ಹಾಗೆಂದು ತೀರಾ ತಡ ಮಾಡುವುದೂ ಬೇಡ, ಕೆಲಸ ಹೋದ ದಿನದಿಂದ ಒಂದು ವರ್ಷ ದಾಟಿದರೆ ಬಾಗಿಲು ಮುಚ್ಚುತ್ತದೆ.

ಮಾಲೀಕರ ಮೂಲಕ ಹೋಗಬೇಕಾಗಿಲ್ಲ. ಇಎಸ್‌ಐಸಿ ಜಾಲತಾಣದಲ್ಲಿ ಐಪಿ ನಂಬರ್ ಹಾಕಿ, ಮೊಬೈಲ್‌ಗೆ ಬರುವ ಒಟಿಪಿಯಿಂದ ಒಳಹೋಗಿ ನೀವೇ ಕ್ಲೇಮ್ ತುಂಬಬಹುದು. ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್‌ನ ಸ್ಕ್ಯಾನ್ ಪ್ರತಿಗಳನ್ನು ಅಲ್ಲೇ ಏರಿಸಬೇಕು. ಅದು ಆಗದಿದ್ದರೆ ಕ್ಲೇಮ್‌ನ ಪ್ರಿಂಟ್ ತೆಗೆದು, ಸಹಿ ಮಾಡಿ, ಎರಡರ ಝೆರಾಕ್ಸ್ ಲಗತ್ತಿಸಿ ನಿಮ್ಮ ಹೆಸರು ಜೋಡಿಸಿರುವ ಶಾಖಾ ಕಚೇರಿಗೆ ಖುದ್ದಾಗಿ ಅಥವಾ ಅಂಚೆಯಲ್ಲಿ ತಲುಪಿಸಬೇಕು. ಖುದ್ದಾಗಿ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಶಿಕ್ಕಾ ಹಾಕಿಸಿಕೊಳ್ಳದೆ ಕಿಟಕಿ ಬಿಡಬೇಡಿ. ಮಾಲೀಕರ ಹತ್ತಿರ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಶಾಖಾ ಕಚೇರಿಯ ಕೆಲಸ. ಮಾಲೀಕರಿಂದ ಶಿಫಾರಸು ತರುವ ಹೊಣೆ ನಿಮ್ಮದಲ್ಲ.

ಐಪಿ ದಾಖಲೆಯಲ್ಲಿರುವ ಮೊಬೈಲ್ ನಂಬರ್ ಹಲವರದ್ದು ಹಳೆಯದು, ಇಲ್ಲವೇ ಗುತ್ತಿಗೆದಾರರ ಸುಪರ್‌ವೈಸರ್‌ದು. ಆಗ ಒಟಿಪಿ ಅವರಿಗೆ ಹೋಗುತ್ತದೆ, ನಿಮ್ಮ ಕೆಲಸ ಅಲ್ಲೇ ನಿಲ್ಲುತ್ತದೆ. ಬ್ಯಾಂಕಿನ ವಿವರದಲ್ಲೂ ನಮ್ಮ ಭಾಗದವರು ಈಗ ವಿಶೇಷವಾಗಿ ನೋಡಿಕೊಳ್ಳಬೇಕಾದ ಒಂದು ಸಂಗತಿ ಇದೆ. ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿ ಮುಖ್ಯ ಕಚೇರಿಯ ಕರ್ನಾಟಕ ಗ್ರಾಮೀಣ ಬ್ಯಾಂಕ್‌ನಲ್ಲಿ ಒಂದಾಗಿದೆ. ಹಳ್ಳಿಯ ಕಡೆಯ ಬಹಳ ಜನರ ಖಾತೆ ಅಲ್ಲೇ ಇದೆ. ಹಳೆ ಪಾಸ್‌ಬುಕ್‌ ಮೇಲಿನ ಐಎಫ್‌ಎಸ್‌ಸಿ ಕೋಡನ್ನು ಹಾಗೇ ತುಂಬದೆ, ಶಾಖೆಯಲ್ಲಿ ಕೇಳಿ ಈಗಿನ ಕೋಡ್ ಬರೆದುಕೊಳ್ಳಿ. ಸಿಂಡಿಕೇಟ್ ಬ್ಯಾಂಕ್ 2020ರಲ್ಲೇ ಕೆನರಾ ಬ್ಯಾಂಕ್‌ನಲ್ಲಿ ಸೇರಿತು. ಅದರ ಹಳೆ ಪಾಸ್‌ಬುಕ್ ಇನ್ನೂ ಇಟ್ಟುಕೊಂಡವರಿಗೂ ಇದೇ ಮಾತು.

ಕ್ಲೇಮ್ ಸರಿ ಇದ್ದರೆ 15 ದಿನದೊಳಗೆ ಇತ್ಯರ್ಥ ಮಾಡಬೇಕೆಂಬುದು ಇಎಸ್‌ಐಸಿ ಹಾಕಿಕೊಂಡ ಗುರಿ. ದಾಟಿದರೆ ಮೊದಲು ಶಾಖಾ ವ್ಯವಸ್ಥಾಪಕರಿಗೆ ಬರೆಯಿರಿ, ಆಮೇಲೆ ಹುಬ್ಬಳ್ಳಿಯಲ್ಲಿರುವ ಉಪ ಪ್ರಾದೇಶಿಕ ಕಚೇರಿಗೆ. ದೂರು ಕೇಳಲೆಂದೇ ಇಎಸ್‌ಐಸಿ ಕಚೇರಿಗಳಲ್ಲಿ ತಿಂಗಳಿಗೊಮ್ಮೆ ‘ಸುವಿಧಾ ಸಮಾಗಮ’ ಎಂಬ ಸಭೆ ನಡೆಯುತ್ತದೆ. ಸ್ವೀಕೃತಿ ಪ್ರತಿ ಹಿಡಿದುಕೊಂಡು ಅಲ್ಲಿಗೆ ಹೋದವರ ಕಡತ ಬೇಗ ಮೇಲೇಳುತ್ತದೆ.

ಪರಿಹಾರ ಪಡೆಯುವಾಗಿನ ಹೊಣೆ ಒಂದೇ, ಆದರೆ ಗಟ್ಟಿಯಾದದ್ದು: ಆ 90 ದಿನದೊಳಗೆ ಬೇರೆ ಕಡೆ ಕೆಲಸ ಸಿಕ್ಕರೆ ಆ ದಿನದಿಂದ ಪರಿಹಾರ ಇಲ್ಲ, ಅದನ್ನು ನೀವೇ ತಿಳಿಸಬೇಕು. ಮುಚ್ಚಿಟ್ಟರೆ ನಡೆಯುತ್ತದೆ ಎಂದುಕೊಳ್ಳುವುದು ದಡ್ಡತನ. ಹೊಸ ಮಾಲೀಕರು ಅದೇ ಐಪಿ ನಂಬರ್‌ಗೆ ವಂತಿಗೆ ಕಟ್ಟಿದ ತಿಂಗಳೇ ಅದು ಅದೇ ಕಂಪ್ಯೂಟರ್‌ನಲ್ಲಿ ಕಾಣುತ್ತದೆ. ತಪ್ಪಾಗಿ ಪಡೆದ ದುಡ್ಡು ವಾಪಸ್ ಕಟ್ಟಬೇಕಾಗುತ್ತದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾಯ್ದೆಯ 84ನೇ ಕಲಂ ಸುಳ್ಳು ಹೇಳಿಕೆಗೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಹೇಳಿತ್ತು.

ಕಾರ್ಖಾನೆಯೇ ಮುಚ್ಚಿದರೆ

ಕಾರ್ಖಾನೆ ಮುಚ್ಚಿಹೋದಾಗ, ಕಾರ್ಮಿಕ ಕಾನೂನಿನ ಪ್ರಕಾರ ರಿಟ್ರೆಂಚ್‌ಮೆಂಟ್ ಆದಾಗ, ಅಥವಾ ಕೆಲಸಕ್ಕೆ ಸಂಬಂಧಿಸದ ಗಾಯದಿಂದ ಶೇ 40ಕ್ಕೆ ಕಡಿಮೆಯಿಲ್ಲದ ಕಾಯಂ ಅಂಗವೈಕಲ್ಯ ಬಂದು ಕೆಲಸ ಹೋದಾಗ ಇನ್ನೂ ದೊಡ್ಡ ನೆರವು ಇದೆ. 2005ರ ಏಪ್ರಿಲ್ 1ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಅದು. ಎರಡು ವರ್ಷ ವಂತಿಗೆ ಕಟ್ಟಿದವರಿಗೆ 24 ತಿಂಗಳವರೆಗೆ ಭತ್ಯೆ: ಮೊದಲ 12 ತಿಂಗಳು ಸರಾಸರಿ ಪಗಾರದ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ. ಆ ಅವಧಿಗೆ ಮನೆಮಂದಿಗೂ ಇಎಸ್‌ಐ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ಒಂದೇ ಅವಧಿಗೆ ಎರಡೂ ಯೋಜನೆಗಳ ದುಡ್ಡು ಸಿಗದು. ಆದ್ದರಿಂದ ಮುಚ್ಚುವಿಕೆ ಅಥವಾ ರಿಟ್ರೆಂಚ್‌ಮೆಂಟ್ ಪ್ರಕರಣ ನಿಮ್ಮದಾಗಿದ್ದರೆ 90 ದಿನದ ಅರ್ಜಿಗೆ ಕೈಹಾಕುವ ಮೊದಲು ಇದನ್ನೇ ಕೇಳಿ. ಇಲ್ಲೂ ಮಾಲೀಕರ ದಾಖಲೆಯಲ್ಲಿ ಯಾವ ಕಾರಣ ಬಿದ್ದಿದೆ ಎಂಬುದೇ ನಿರ್ಣಾಯಕ. 24 ತಿಂಗಳ ಭತ್ಯೆಗೂ ಏನೂ ಇಲ್ಲದಿರುವುದಕ್ಕೂ ನಡುವೆ ಒಂದೊಂದು ಸಲ ಇರುವುದು ಆ ಒಂದು ಆಯ್ಕೆ ಮಾತ್ರ.

ಭವಿಷ್ಯ ನಿಧಿಯನ್ನು ಇದರೊಂದಿಗೆ ಬೆರೆಸಬೇಡಿ. ಪಿಎಫ್ ನಿಮ್ಮದೇ ಉಳಿತಾಯ. ಅದನ್ನು ತೆಗೆದರೂ ಬಿಟ್ಟರೂ ಇಎಸ್‌ಐ ಪರಿಹಾರದ ಹಕ್ಕಿಗೆ ಧಕ್ಕೆಯಿಲ್ಲ. ಅಲ್ಲಿಯೂ ಮಾಲೀಕರು ಕೆಲಸ ಬಿಟ್ಟ ತಾರೀಖು ತುಂಬಬೇಕು. ತುಂಬದಿದ್ದರೆ ಕೊನೆಯ ವಂತಿಗೆಯಿಂದ ಎರಡು ತಿಂಗಳಾದ ಮೇಲೆ ಯುಎಎನ್ (ನಿಮ್ಮ ಪಿಎಫ್‌ನ ಕಾಯಂ ಸಂಖ್ಯೆ) ಮೂಲಕ ನೀವೇ ತುಂಬಿಕೊಳ್ಳಬಹುದು. ಅಲ್ಲಿ ಹಾಕುವ ತಾರೀಖು ಇಎಸ್‌ಐನಲ್ಲಿರುವ ತಾರೀಖಿಗೆ ತಾಳೆಯಾಗಲಿ.

ಯುವನಿಧಿ

ಇದು ದುಡಿದು ಕೆಲಸ ಕಳೆದುಕೊಂಡವರಿಗಲ್ಲ, ಓದು ಮುಗಿಸಿ ಕೆಲಸ ಸಿಗದವರಿಗೆ. 2023ರ ಡಿಸೆಂಬರ್ 26ಕ್ಕೆ ನೋಂದಣಿ ಶುರುವಾಗಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ಕೆಲಸ ಸಿಗುವವರೆಗೆ ಅಥವಾ ಎರಡು ವರ್ಷ, ಯಾವುದು ಮೊದಲೋ ಅಲ್ಲಿಯವರೆಗೆ. 2022–23ರಲ್ಲಿ ಪಾಸಾದವರಿಂದ ಶುರುವಾಗಿ ನಂತರದ ವರ್ಷಗಳವರಿಗೂ ವಿಸ್ತರಣೆಯಾಯಿತು.

ಪಾಸಾದ ಮೇಲೆ 180 ದಿನ ಕೆಲಸವಿಲ್ಲದೆ ಕಳೆದಿರಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಫಲಿತಾಂಶ ಜುಲೈ 15ಕ್ಕೆ ಬಂತು ಎಂದಾದರೆ 180ನೇ ದಿನ ಜನವರಿ 11. ಕರ್ನಾಟಕದ ನಿವಾಸಿಯಾಗಿದ್ದು, ಪದವಿ ಅಥವಾ ಡಿಪ್ಲೊಮಾವರೆಗೆ ಕನಿಷ್ಠ ಆರು ವರ್ಷ ರಾಜ್ಯದಲ್ಲೇ ಓದಿರಬೇಕು. ಗೋವಾದಲ್ಲೋ ಮಹಾರಾಷ್ಟ್ರದಲ್ಲೋ ಶಾಲೆ ಕಲಿತು ಡಿಗ್ರಿಗೆ ಮಾತ್ರ ಧಾರವಾಡಕ್ಕೆ ಬಂದವರಿಗೆ ಇಲ್ಲಿ ತೊಡಕಾಗುತ್ತದೆ. ಮುಂದಿನ ಓದಿಗೆ ಸೇರಿದವರಿಗೆ, ವೇತನ ಸಿಗುವ ಅಪ್ರೆಂಟಿಸ್‌ಗಳಿಗೆ, ಸರ್ಕಾರಿ ಅಥವಾ ಖಾಸಗಿ ಕೆಲಸದಲ್ಲಿರುವವರಿಗೆ, ಸರ್ಕಾರದ ಯೋಜನೆಯಲ್ಲಿ ಸಾಲ ಪಡೆದು ಸ್ವಂತ ಉದ್ಯೋಗ ಹೂಡಿದವರಿಗೆ ಭತ್ಯೆ ಇಲ್ಲ. ಎಂ.ಎ., ಬಿ.ಎಡ್.ಗೆ ಪ್ರವೇಶ ಪಡೆದರೆ ಅರ್ಹತೆ ಹೋಯಿತು. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಕೋಚಿಂಗ್ ತೆಗೆದುಕೊಳ್ಳುತ್ತಿರುವವರು ಹೆದರಬೇಕಾಗಿಲ್ಲ. ಅನರ್ಹರ ಪಟ್ಟಿಯಲ್ಲಿ ಕೋಚಿಂಗ್ ಎಂಬ ಮಾತಿಲ್ಲ.

ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ. ಸ್ವಂತ ಮೊಬೈಲ್‌ನಲ್ಲೇ ಆಗುತ್ತದೆ, ಇಲ್ಲದಿದ್ದರೆ ಕರ್ನಾಟಕ ಒನ್, ಗ್ರಾಮ ಒನ್ ಕೇಂದ್ರಗಳಿವೆ. ಆಧಾರ್ ಒಟಿಪಿ ಕೊಟ್ಟ ಮೇಲೆ ನಿಮ್ಮ ಪದವಿಯ ದಾಖಲೆಯನ್ನು ಪೋರ್ಟಲ್ ರಾಷ್ಟ್ರೀಯ ಶೈಕ್ಷಣಿಕ ಭಂಡಾರದಿಂದ, ಎನ್‌ಎಡಿ ಎನ್ನುತ್ತಾರೆ, ತಾನೇ ತರುತ್ತದೆ. ಅಲ್ಲಿಗೆ ದಾಖಲೆ ಏರಿಸಬೇಕಾದದ್ದು ವಿಶ್ವವಿದ್ಯಾಲಯ ಅಥವಾ ಮಂಡಳಿ. ಡಿಜಿಲಾಕರ್‌ನಲ್ಲಿ ನಿಮ್ಮ ಪದವಿ ಕಾಣದಿದ್ದರೆ ಯುವನಿಧಿಯಲ್ಲೂ ಕಾಣುವುದಿಲ್ಲ. ಆಗ ಕಾಲೇಜಿನ ಮೂಲಕ ಪರೀಕ್ಷಾ ವಿಭಾಗಕ್ಕೆ ಬರೆಯಬೇಕು, ಉದ್ಯೋಗ ವಿನಿಮಯ ಕಚೇರಿಗೆ ಹೋದರೆ ಅವರು ಅದನ್ನು ಸರಿ ಮಾಡಲಾರರು.

ಹೆಸರಿನ ತೊಡಕು ನಮ್ಮ ಕಡೆ ಜಾಸ್ತಿ. ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಆಮೇಲೆ ತಂದೆಯ ಹೆಸರು. ಆಧಾರ್‌ನಲ್ಲಿ ಸ್ವಂತ ಹೆಸರು ಮೊದಲು, ತಂದೆಯ ಹೆಸರು ಮಾಯ. ಮದುವೆಯಾದ ಹೆಣ್ಣುಮಕ್ಕಳ ಆಧಾರ್‌ನಲ್ಲಿ ಅಡ್ಡಹೆಸರೇ ಬೇರೆ. ತಿದ್ದಿಸುವುದಾದರೆ ಆಧಾರ್‌ ಹೆಸರನ್ನು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಸರಿಹೊಂದಿಸುವುದು ಸುಲಭ, ಅಂಕಪಟ್ಟಿಯನ್ನು ಆಧಾರ್‌ಗೆ ಹೊಂದಿಸುವುದು ಬಹಳ ದೂರದ ದಾರಿ.

ಮಂಜೂರಾದ ಮೇಲೂ ದುಡ್ಡು ಬಾರದಿದ್ದರೆ ಆಧಾರ್ ಜೋಡಣೆ ನೋಡಿ. ದುಡ್ಡು ಬರುವುದು ನೀವು ತುಂಬಿದ ಖಾತೆ ಸಂಖ್ಯೆಗಲ್ಲ, ಎನ್‌ಪಿಸಿಐ (ಭಾರತೀಯ ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ನಿಮ್ಮ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಮೈ ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಯಾವ ಬ್ಯಾಂಕ್ ಎಂದು ತೋರಿಸುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಎಂದೋ ತೆರೆದು ಮರೆತ ಖಾತೆಗೆ ಭತ್ಯೆ ಹೋಗಿ ಕುಳಿತಿರುವುದೂ ಉಂಟು.

ಯುವನಿಧಿಯ ನಿಜವಾದ ಹೊಣೆ ಇರುವುದು ಸ್ವಯಂ ಘೋಷಣೆಯಲ್ಲಿ. ‘ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಮುಂದಿನ ಓದಿಗೆ ಸೇರಿಲ್ಲ, ಸ್ವಂತ ಉದ್ಯೋಗ ಹೂಡಿಲ್ಲ’ ಎಂದು ಸೇವಾ ಸಿಂಧುವಿನಲ್ಲಿ ಆಗಾಗ ತಿಳಿಸುತ್ತಿರಬೇಕು. ಶುರುವಿನ ನಿಯಮದಂತೆ ಪ್ರತಿ ತಿಂಗಳು 25ರೊಳಗೆ ಕೊಡಬೇಕಿತ್ತು. ಈಗ ನಿಮ್ಮ ಲಾಗಿನ್‌ನಲ್ಲಿ ಯಾವ ಕೊನೆ ದಿನ ತೋರಿಸುತ್ತದೋ ಅದನ್ನೇ ಹಿಡಿಯಿರಿ. ಘೋಷಣೆ ತಪ್ಪಿದರೆ ಭತ್ಯೆ ನಿಲ್ಲುತ್ತದೆ. ಕೆಲಸ ಸಿಕ್ಕ ದಿನ ಘೋಷಣೆ ಕೊಡುವುದನ್ನು ಸುಮ್ಮನೆ ನಿಲ್ಲಿಸಿಬಿಟ್ಟರೆ ಸಾಲದು, ಕೆಲಸ ಸಿಕ್ಕಿದೆ ಎಂದೇ ತಿಳಿಸಬೇಕು. ಸುಳ್ಳು ಘೋಷಣೆಗೆ ವಸೂಲಿ ಮತ್ತು ದಂಡದ ಕ್ರಮ ಇದೆ, ಪಿಎಫ್, ಇಎಸ್‌ಐ ಎರಡೂ ಆಧಾರ್‌ಗೆ ಜೋಡಣೆಯಾಗಿರುವುದರಿಂದ ಕೆಲಸಕ್ಕೆ ಸೇರಿದ ತಾರೀಖು ಗುಟ್ಟಾಗಿ ಉಳಿಯುವುದಿಲ್ಲ.

ಪಗಾರದಲ್ಲಿ ಕಡಿತ ಮಾಡಿ ಇಎಸ್‌ಐಗೆ ಕಟ್ಟದೆ ಇಟ್ಟುಕೊಂಡ ಮಾಲೀಕರ ಸಂಗತಿ ಬೇರೆ. ಅದು ಅಪರಾಧ. ಪಗಾರ ಚೀಟಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್, ಹಾಜರಿ ಕಾರ್ಡು ಏನಿದ್ದರೂ ಲಗತ್ತಿಸಿ ಉಪ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ. ವಕೀಲರ ಖರ್ಚಿನ ಹೆದರಿಕೆಯಿಂದ ಕೈಬಿಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು ಮತ್ತು ಕೈಗಾರಿಕಾ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಸಿಗಬೇಕು. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲಾ ನ್ಯಾಯಾಲಯಗಳಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಸಹಾಯವಾಣಿ 15100. ಹೋಗುವಾಗ ಐಪಿ ನಂಬರ್, ಕೊನೆಯ ಆರು ತಿಂಗಳ ಪಗಾರ ಚೀಟಿ ಮತ್ತು ಸ್ವೀಕೃತಿ ಶಿಕ್ಕಾ ಇರುವ ಪ್ರತಿ ಜೊತೆಗಿರಲಿ.